ಸೆಲ್ಫ್ ಹೊಡೆಯದ ಪಿಕಪ್ಪಿನ ಲೆಕ್ಕ

ಹಳೆಯ ಪಿಕಪ್ಪೊಂದನ್ನು ಬಾಡಿಗೆಗೆ ಓಡಿಸಿ ಬದುಕುವ ಮನೆಯಲ್ಲಿ ಡೀಸೆಲ್, ವಿಮೆ, ಟೈರುಗಳ ಖರ್ಚನ್ನು ವರ್ಷದ ಆರಂಭದಲ್ಲೇ ಅಂದಾಜು ಮಾಡಬಹುದಾದರೂ, ಒಂದು ದಿನ ಸಲೀಸಾಗಿ ಸ್ಟಾರ್ಟ್ ಆಗಿ ಮರುದಿನ ಮೊಂಡು ಹಿಡಿಯುವ ಎಂಜಿನ್ನಿನ ಖರ್ಚನ್ನು ಹಾಗೆ ಅಂದಾಜಿಸಲಾಗದು. ಗ್ಯಾರೇಜಿಗೆ ಒಯ್ದ ಹೊತ್ತಿಗೆ ದೋಷ ಅಡಗಿರುತ್ತದೆ, ಊಹೆಯ ಮೇಲೆ ಒಂದೊಂದೇ ಬಿಡಿಭಾಗ ಬದಲಾಗುತ್ತ ಹೋಗುತ್ತದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಬಹಳ ಮಂದಿ ಬೆಂಗಳೂರಿನ ರೈಲು ಹಿಡಿದರು. ಊರಲ್ಲೇ ಉಳಿದವರಲ್ಲಿ ಕೆಲವರಿಗೆ ಸರಕು ಗಾಡಿಯೇ ಆಸರೆಯಾಯಿತು. ಬಂಗಾರಪೇಟೆಯ ಸುತ್ತಮುತ್ತ ತುಂಬಿದ ಟೊಮೆಟೊ ಕ್ರೇಟುಗಳು ಕೋಲಾರದ ಎಪಿಎಂಸಿಗೆ ಹರಾಜಿನ ಹೊತ್ತಿಗೆ ಮುಟ್ಟದಿದ್ದರೆ ಅಂದಿನ ಬಾಡಿಗೆಯಷ್ಟೇ ಅಲ್ಲದೆ ಮುಂದಿನ ಬಾಡಿಗೆಯೂ ಕೈತಪ್ಪುತ್ತದೆ.

ಮೊದಲು ನಿರ್ಧರಿಸಬೇಕಾದದ್ದು ಸೆಲ್ಫ್, ಅಂದರೆ ಎಂಜಿನ್ನನ್ನು ತಿರುಗಿಸುವ ವಿದ್ಯುತ್ ಮೋಟರು, ತಿರುಗುತ್ತಿದೆಯೇ ಎಂಬುದನ್ನು. ಅದು ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತಿಕೊಳ್ಳದಿದ್ದರೆ ದೋಷವನ್ನು ಡೀಸೆಲಿನ ಹಾದಿಯಲ್ಲಿ ಹುಡುಕಬೇಕು: ರಾತ್ರಿ ನಿಂತಾಗ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿ ಪೈಪಿನಲ್ಲಿ ಏರ್ ಹಿಡಿದಿರಬಹುದು, ಇಲ್ಲವೇ ಪಂಪಿಗೆ ಡೀಸೆಲ್ ಬಿಡುವ ಸೊಲೆನಾಯ್ಡಿನ ವೈರು ಸಡಿಲಗೊಂಡಿರಬಹುದು. ಸೆಲ್ಫ್ ‘ಕಟ್’ ಎಂದು ಸದ್ದು ಮಾಡಿ ಸುಮ್ಮನಾದರೆ ದೋಷ ವಿದ್ಯುತ್ತಿನದು. ಹಣ ಹೆಚ್ಚು ಪೋಲಾಗುವುದು ಇಲ್ಲಿಯೇ, ಏಕೆಂದರೆ ಬ್ಯಾಟರಿ ಹೋಗಿದೆ ಎಂಬ ತೀರ್ಪು ಬಲು ಸುಲಭವಾಗಿ ಹೊರಬೀಳುತ್ತದೆ.

ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಅದು 12.2ಕ್ಕೆ ಇಳಿದಿದ್ದರೆ ಅರ್ಧದಷ್ಟು ಶಕ್ತಿ ಖಾಲಿಯಾಗಿದೆ ಎಂದರ್ಥ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಸಂದೇಹಿಸಬಹುದು. ಬ್ಯಾಟರಿ ಈ ಪರೀಕ್ಷೆಯಲ್ಲಿ ಗೆದ್ದರೂ ಗಾಡಿ ಸ್ಟಾರ್ಟ್ ಆಗದಿರಲು ಕಾರಣವನ್ನು ಕೆಜಿಎಫ್‌ನ ಇತಿಹಾಸದಿಂದಲೇ ವಿವರಿಸಬಹುದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರದ ಈ ಗಣಿಗಳಿಗೆ ವಿದ್ಯುತ್ ತಂದವರು ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಹತ್ತಾರು ಸಾವಿರ ವೋಲ್ಟಿಗೆ ಏರಿಸಿ, ತಂತಿಯಲ್ಲಿ ಹರಿಯುವ ಪ್ರವಾಹವನ್ನು ಕಡಿಮೆ ಮಾಡಿ ನಷ್ಟವನ್ನು ತಗ್ಗಿಸಿದ್ದರು. ಪಿಕಪ್ಪಿನ ಸ್ಥಿತಿ ಇದರ ತದ್ವಿರುದ್ಧ: ಒತ್ತಡ ಬರೀ 12 ವೋಲ್ಟ್, ಪ್ರವಾಹ ನೂರಾರು ಆಂಪಿಯರ್. 200 ಆಂಪಿಯರ್ ಹರಿಯುವ ಹಾದಿಯ ಒಂದು ಕೀಲಿನಲ್ಲಿ ಓಮಿನ ನೂರನೆಯ ಒಂದು ಭಾಗದಷ್ಟು ತಡೆ ಇದ್ದರೆ ಸಾಕು, 2 ವೋಲ್ಟ್ ಅಲ್ಲಿಯೇ ಕರಗಿಹೋಗುತ್ತದೆ. ಗಾಡಿಯ ಅದುರುವಿಕೆ ಹಾಗೂ ಎಂಜಿನ್ನಿನ ಬಿಸಿಗೆ ಈ ತಡೆ ಏರಿಳಿಯುವುದರಿಂದ ದೋಷವೂ ಬಂದು ಹೋಗುತ್ತಿರುತ್ತದೆ.

ಈ ಅಂಕಣಕಾರರ ಮನೆಯ ಪಿಕಪ್ಪಿನಲ್ಲಿ ನಡೆದದ್ದೂ ಇದೇ. ಲೋಡು ಇಳಿಸಿ ಎಂಜಿನ್ ಬಿಸಿಯಾಗಿರುವಾಗಲಷ್ಟೇ ಅದು ಕೈಕೊಡುತ್ತಿತ್ತು, ತಣಿದ ಮೇಲೆ ಏನೂ ಆಗದಂತೆ ಹೊರಡುತ್ತಿತ್ತು. ಹೊಸ ಬ್ಯಾಟರಿ, ಅದೂ ಸಾಲದಿದ್ದರೆ ಹೊಸ ಸೆಲ್ಫ್ ಎಂಬ ಸಲಹೆ ಬಂದಿತ್ತು. ಒಬ್ಬರು ಕೀಲಿ ತಿರುಗಿಸುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ನಿನ ಮೈಗೂ ಮೀಟರಿನ ಕಡ್ಡಿಗಳನ್ನು ಹಿಡಿದಾಗ, ಅರ್ಧ ವೋಲ್ಟನ್ನೂ ದಾಟಬಾರದ ಅಂಕಿ ಒಂದು ವೋಲ್ಟನ್ನು ಮೀರಿತು. ಎಂಜಿನ್ನನ್ನು ಚಾಸಿಗೆ ಜೋಡಿಸುವ ಅರ್ತ್ ಪಟ್ಟಿಯ ಬೋಲ್ಟು ಬಿಚ್ಚಿ ನೋಡಿದರೆ ತಾಮ್ರದ ಲಗ್ಗಿನ ಕೆಳಗೆ ಹಸಿರು ಕಿಲುಬು, ಅದರಡಿ ತುಕ್ಕು, ಹೆಣೆದ ಎಳೆಗಳಲ್ಲಿ ಅರ್ಧಕ್ಕರ್ಧ ತುಂಡು. ಪಟ್ಟಿ ಬದಲಿಸಿ, ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿದ ಕೆಲಸಕ್ಕೆ ಕೆಲವು ನೂರು ರೂಪಾಯಿ ತಗಲಿತು; ಬ್ಯಾಟರಿಗೆ ಸಾವಿರಗಳ ಲೆಕ್ಕವಿತ್ತು.

ಸೆಲ್ಫ್ ನಿಜವಾಗಿಯೂ ಸವೆದಿದ್ದರೂ ಹೊಸದು ಕೊಳ್ಳುವ ಆತುರ ಬೇಡ, ಕಾರ್ಬನ್ ಬ್ರಷ್ ಮತ್ತು ಬುಷ್ ಹಾಕಿಸಿ ಹಳೆಯದನ್ನೇ ವರ್ಷಗಟ್ಟಲೆ ಓಡಿಸಬಹುದು. ಬ್ಯಾಟರಿಯನ್ನು ಬದಲಿಸಲೇಬೇಕಾದರೆ ವಾರಂಟಿ ಕಾರ್ಡಿನ ದಿನಾಂಕ ನೋಡಬೇಕು, ಹಳೆಯದರ ಸೀಸಕ್ಕೆ ಬೆಲೆಯಿರುವುದರಿಂದ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆಯಿಸಬೇಕು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿವರ್ಷವೂ ಎಫ್‌ಸಿ, ಅಂದರೆ ವಾಹನದ ಸುಸ್ಥಿತಿಯ ಪ್ರಮಾಣಪತ್ರ, ಮಾಡಿಸಬೇಕಿರುವುದರಿಂದ ವೈರಿಂಗ್ ತಪಾಸಣೆಯನ್ನೂ ಅದೇ ಹೊತ್ತಿಗೆ ಹೊಂದಿಸಿಕೊಳ್ಳುವುದು ಲೇಸು. ಯಾವ ಗ್ಯಾರೇಜಿನಲ್ಲೇ ಆಗಲಿ, ಸೆಲ್ಫ್ ಹೊಡೆಯುವಾಗ ಅಳೆದ ವೋಲ್ಟೇಜನ್ನು ಬರೆದುಕೊಡುವಂತೆ ಗಾಡಿಯ ಮಾಲೀಕರು ಕೇಳಬೇಕು, ಆ ಅಂಕಿ ಕೈಗೆ ಬರುವವರೆಗೆ ಬ್ಯಾಟರಿಗೆ ಹಣ ಕೊಡಬಾರದು.