ಹೊಳೆಯ ದಡದ ಅಂಗಡಿ



ಲೆಕ್ಕಪತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದು ಗಲ್ಲಾಪೆಟ್ಟಿಗೆಯಲ್ಲಿಯೇ ಇರಿಸಿರುವೆನೆಂದು ಬರೆದು, ಅಷ್ಟು ಸಾಲದೆ ಎಂದು ಕೇಳಿದ್ದೀರಿ. ಸಾಲದು. 2018ರ ಆಗಸ್ಟಿನಲ್ಲಿಯೂ ಮರುವರ್ಷ ಅದೇ ಮಾಸದಲ್ಲಿಯೂ ಉಕ್ಕಿಬಂದು ನಿಮ್ಮ ಕುಶಾಲನಗರದ ಬಡಾವಣೆಗಳನ್ನು ಹೊಕ್ಕ ಕಾವೇರಿಯು, ಕಂಪ್ಯೂಟರನ್ನು ಮುಳುಗಿಸಿ ಅದರ ಮಗ್ಗುಲಿನ ಪೆಟ್ಟಿಗೆಯನ್ನು ಮಾತ್ರ ಕರುಣೆಯಿಂದ ಬಿಟ್ಟಾಳೆಂದು ನಂಬುವುದು ಭಕ್ತಿಯಾದೀತೇ ಹೊರತು ವ್ಯವಹಾರವಾಗದು. ಪ್ರತಿಯು ಬೇರೊಂದು ಊರಿನಲ್ಲಿರಲಿ, ಮೈಸೂರಿನ ನಿಮ್ಮ ಭಾವನವರ ಮನೆಯಾದರೂ ಆದೀತು. ಮತ್ತು ಅದರಿಂದ ಲೆಕ್ಕವು ನಿಜವಾಗಿ ತೆರೆದುಕೊಳ್ಳುವುದೋ ಎಂಬುದನ್ನು ಮುಂಗಾರಿಗೆ ಮುನ್ನವೇ ಪರೀಕ್ಷಿಸತಕ್ಕದ್ದು.

ನನಗೆ ಹೆಚ್ಚು ಚಿಂತೆಯನ್ನುಂಟುಮಾಡಿದುದು ನಿಮ್ಮ ವಿಮೆ. 10 ಲಕ್ಷ ರೂಪಾಯಿಯ ಸರಕನ್ನು 5 ಲಕ್ಷಕ್ಕೆ ವಿಮೆ ಮಾಡಿಸಿ, ಕಂತಿನ ಹಣ ಉಳಿಯಿತೆಂದು ಹರ್ಷಿಸಿದ್ದೀರಿ. ಆದರೆ 4 ಲಕ್ಷದ ಬಟ್ಟೆ ನೆನೆದು ಹಾಳಾದಲ್ಲಿ, ಸರಕಿನ ಅರ್ಧಮೌಲ್ಯಕ್ಕಷ್ಟೇ ವಿಮೆಯಿದ್ದ ಕಾರಣ, ಅನುಪಾತದ ನಿಬಂಧನೆಯಂತೆ ನಿಮಗೆ ದೊರೆಯುವುದು ಸುಮಾರು 2 ಲಕ್ಷ ಮಾತ್ರ. ಅಂಗಡಿ ಮುಚ್ಚಿದ ದಿನಗಳಲ್ಲಿ ತಪ್ಪಿದ ಲಾಭವಂತೂ ಸರಕಿಗೆ ಮಾಡಿಸುವ ಇಂಥ ಸಾಮಾನ್ಯ ಅಗ್ನಿವಿಮೆಯೊಳಗೆ ಬಾರದು. ಅದಕ್ಕೆ ಪ್ರತ್ಯೇಕ ವಿಮೆಯುಂಟು, ವಿಚಾರಿಸಿರಿ.

ಇನ್ನೊಂದು ಮಾತು: ನೀರಿಳಿದೊಡನೆ ಕೆಸರು ಬಳಿದು ಕೆಟ್ಟ ಸರಕನ್ನು ಹೊರಗೆಸೆಯುವ ಆತುರ ಬೇಡ. ಮೊದಲು ಛಾಯಾಚಿತ್ರಗಳನ್ನು ತೆಗೆದು, ವಿಮಾ ಕಂಪನಿಗೆ ತಿಳಿಸಿ, ಸರ್ವೇಯರರು ಬಂದು ನೋಡುವವರೆಗೆ ತಾಳಿರಿ.