ಬೆಂಗಳೂರಿನ ಅರಮನೆಯೂ ಸ್ಕಾಟ್ಲಂಡದ ಗೋಪುರಗಳೂ

ಜಮಖಂಡಿ, ಮುಧೋಳ, ಬೀಳಗಿಗಳ ಸುತ್ತಣ ಹಳ್ಳಿಗಳಲ್ಲಿ ಬೆಳೆದವರಿಗೆ ಹುಡೇವೆಂದರೇನೆಂಬುದನ್ನು ತಿಳಿಸಬೇಕಾದುದಿಲ್ಲ. ದಂಡು ದರೋಡೆಗಳ ಕಾಲದಲ್ಲಿ ಊರವರು ಮಕ್ಕಳುಮರಿಗಳೊಡನೆ ಏರಿ ಪ್ರಾಣವುಳಿಸಿಕೊಳ್ಳುತ್ತಿದ್ದ ಬುರುಜು ಅದು. ಸ್ಕಾಟ್ಲಂಡದ ಗಡಿನಾಡಿನಲ್ಲಿಯೂ ೧೬ನೆಯ ಶತಮಾನದಲ್ಲಿ ಇಂಥದೇ ಅಂಜಿಕೆಯಿತ್ತು. ದನಗಳ್ಳರ ಗುಂಪುಗಳಿಗೆ ಹೆದರಿ ಅಲ್ಲಿಯ ಭೂಮಾಲಕರು ದಪ್ಪ ಗೋಡೆಯ, ಕಿರುಗಿಂಡಿಯ ಗೋಪುರಗಳನ್ನೇ ಮನೆಯಾಗಿ ಮಾಡಿಕೊಂಡರು. ಕೆಳಗೆ ಉಗ್ರಾಣ, ಮೇಲೆ ವಾಸ.

ಕಾಲಾಂತರದಲ್ಲಿ ಅಂಜಿಕೆ ಹೋಯಿತು. ಗೋಪುರವು ಮಾತ್ರ ಅಲಂಕಾರವಾಗಿ ಉಳಿಯಿತು. ಕಾದಂಬರಿಕಾರನಾದ ವಾಲ್ಟರ್ ಸ್ಕಾಟನು ೧೮೧೧ರಲ್ಲಿ ಟ್ವೀಡ್ ನದಿಯ ದಂಡೆಯಲ್ಲಿ ಹೊಲಮನೆಯೊಂದನ್ನು ಕೊಂಡು, ೧೮೨೪ರ ಹೊತ್ತಿಗೆ ಅಲ್ಲಿ ಆಬಟ್ಸ್‌ಫರ್ಡ್ ಎಂಬ ಗೋಪುರಗಳುಳ್ಳ ಭವ್ಯ ಭವನವನ್ನು ಕಟ್ಟಿಸಿದನು. ವಿಕ್ಟೋರಿಯಾ ರಾಣಿಯ ಬಾಲ್ಮೋರಲ್ ಕೋಟೆಮನೆಯು ೧೮೫೬ರಲ್ಲಿ ಮುಗಿಯಿತು. ಅವರು ಭಯದ ಗುರುತನ್ನು ಮನೆಗೆ ಮುಕುಟವಾಗಿ ಇಟ್ಟುಕೊಂಡರು. ನಾವು ನಮ್ಮ ಹುಡೇವುಗಳ ಕಲ್ಲು ಕಿತ್ತು ದನದ ಕೊಟ್ಟಿಗೆಗೆ ಹಾಕಿದೆವು. ಇದು ವ್ಯಸನದ ಸಂಗತಿಯೇ ಸರಿ.

ಕೋಟೆಮನೆಯ ಆ ಮೋಹವು ಸಮುದ್ರವನ್ನು ದಾಟಿ ಕನ್ನಡ ನಾಡಿಗೂ ಬಂದಿತು. ಬೆಂಗಳೂರಿನ ಅರಮನೆಯೇ ಅದಕ್ಕೆ ಸಾಕ್ಷಿ. ಇದರಲ್ಲಿ ಇಂಗ್ಲಂಡದ ಟ್ಯೂಡರ್ ರೀತಿಯೊಡನೆ ಸ್ಕಾಟ್ಲಂಡದ ಗಾಥಿಕ್ ರೀತಿಯೂ ಬೆರೆತಿದೆಯೆಂದು ಹೇಳುವುದುಂಟು. ಮಹಾರಾಜರು ವಿಂಡ್ಸರ್ ಕೋಟೆಯನ್ನು ಕಂಡು ಬಂದು ಇದನ್ನು ಕಟ್ಟಿಸಿದರೆಂಬ ಕಥೆಯು ಜನರ ಬಾಯಲ್ಲಿದೆ. ಆದರೆ ವರುಷಗಳ ಲೆಕ್ಕವು ಅದನ್ನು ಒಪ್ಪುವುದಿಲ್ಲ. ಕಟ್ಟಡದ ಕೆಲಸಕ್ಕೆ ಮೊದಲಾದುದು ೧೮೬೨ರಲ್ಲಿ. ಚಾಮರಾಜೇಂದ್ರ ಒಡೆಯರು ಹುಟ್ಟಿದುದು ೧೮೬೩ರಲ್ಲಿ! ಕಟ್ಟಿಸತೊಡಗಿದವರು ಒಬ್ಬ ಉಪಾಧ್ಯಾಯರು, ಬೆಂಗಳೂರಿನ ಸೆಂಟ್ರಲ್ ಹೈಸ್ಕೂಲಿನ ಮೊದಲನೆಯ ಮುಖ್ಯಾಧ್ಯಾಪಕರಾದ ರೆವರೆಂಡ್ ಗ್ಯಾರೆಟ್ಟರು. ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಒಟ್ಟಿಗೆ ೧೮೪೯ರಲ್ಲಿ ವೆಸ್ಲಿಯನ್ ಮಿಶನ್ ಮುದ್ರಣಾಲಯದಿಂದ ಹೊರತಂದವರೂ ಇವರೇ.

೧೮೭೩ರಲ್ಲಿ ಬಾಲಕ ಮಹಾರಾಜರ ಆಂಗ್ಲ ಪಾಲಕರು ಅವರ ಹಣದಿಂದಲೇ ೪೦,೦೦೦ ರೂಪಾಯಿಗಳನ್ನು ಕೊಟ್ಟು ಈ ಮನೆಯನ್ನು ಕೊಂಡರು. ಆಗ ಅರಸರಿಗೆ ಹತ್ತು ವರುಷ. ಶಿಕ್ಷಕರ ಮನೆಯು ಹೀಗೆ ಶಿಷ್ಯನೊಬ್ಬನ ಅರಮನೆಯಾಯಿತು. ೧೮೮೧ರಲ್ಲಿ ಮೈಸೂರು ರಾಜ್ಯವು ಅದೇ ಬಾಲಕನ ಕೈಗೆ ಮರಳಿ ಬಂದಿತು.

ಹೊರಗಿನಿಂದ ನೋಡುವವರ ಕಣ್ಣು ತೆನೆಗಳುಳ್ಳ ಗೋಪುರಗಳ ಮೇಲೆಯೇ ನಿಲ್ಲುತ್ತದೆ. ಬಣ್ಣದ ಗಾಜಿನ ಕಿಟಕಿಗಳ ದರ್ಬಾರು ಸಾಲೆಯು ಮಹಡಿಯ ಮೇಲಿದೆ. ಅಲ್ಲಿಗೇರುವಲ್ಲಿ ಆನೆಯ ತಲೆಯೊಂದನ್ನು ನಿಲ್ಲಿಸಿದ್ದಾರೆ. ಅದು ನಮಗೆ ಅಷ್ಟು ರುಚಿಸಲಿಲ್ಲ. ಗಮನಿಸತಕ್ಕದ್ದು ಒಳಗಿನ ಬಯಲು ಅಂಗಳ. ಸ್ಕಾಟ್ಲಂಡದ ಚಳಿಯಲ್ಲಿ ಮನೆಮಂದಿ ಬೆಂಕಿಗೂಡಿನ ಸುತ್ತ ಸೇರುತ್ತಾರೆ. ನಮ್ಮ ದೇಸಾಯರ ವಾಡೆಗಳಲ್ಲಿ ಚೌಕವೇ ಗಾಳಿ ಬೆಳಕುಗಳ ಮೂಲ. ಬೆಂಗಳೂರಿನ ಈ ಕೋಟೆಮನೆಯು ವಿಲಾಯತಿ ವೇಷ ಧರಿಸಿದ್ದರೂ ಒಡಲಲ್ಲಿ ಚೌಕವನ್ನೇ ಇಟ್ಟುಕೊಂಡಿದೆ.

೧೯೯೬ರಲ್ಲಿ ಕರ್ನಾಟಕ ಸರಕಾರವು ಶಾಸನ ಮಾಡಿ ಅರಮನೆಯನ್ನೂ ಅದರ ಬಯಲನ್ನೂ ತನ್ನದಾಗಿಸಿಕೊಳ್ಳಲೆಳಸಿತು. ಅರಸುಮನೆತನದವರು ನ್ಯಾಯಾಲಯದ ಮೆಟ್ಟಿಲೇರಿದರು. ವ್ಯಾಜ್ಯವು ದಶಕಗಳವರೆಗೆ ಬೆಳೆಯಿತು. ಅರಮನೆಯ ಬಾಗಿಲು ಮಾತ್ರ ಪ್ರೇಕ್ಷಕರಿಗೆ ತೆರೆದಿದೆ. ಮಕ್ಕಳೊಡನೆ ಹೋಗುವ ತಾಯಿತಂದೆಗಳು ಗೋಪುರಗಳನ್ನು ತೋರಿಸಿದ ಬಳಿಕ, ಅಂಗಳದಲ್ಲಿ ನೀಲಿ ಹೆಂಚು ಹೊದಿಸಿದ ಕಲ್ಲಿನ ಪೀಠಗಳ ಬಳಿ ತುಸು ಹೊತ್ತು ನಿಂತು ಮೇಲಿನ ಆಕಾಶವನ್ನೂ ತೋರಿಸಬಹುದು.