ಕಣ್ಣೆದುರಿಗಿದ್ದ ಚೆಕ್‌ಮೇಟ್ ಕಾಣಲಿಲ್ಲ!



ಚೆಸ್ ಆಡುವಾಗ ಯಾರಾದರೂ ಮಂತ್ರಿಯನ್ನು (ರಾಣಿ ಅಂತಲೂ ಕರೀತಾರೆ) ಸುಮ್ಮನೆ ಕೊಟ್ಟುಬಿಟ್ಟರೆ ಸುತ್ತ ನಿಂತವರು ಹೋ ಎಂದು ನಗುತ್ತಾರೆ. ಆಡಿದವನು ತಲೆ ತಗ್ಗಿಸಿಕೊಂಡು ಎದ್ದು ಹೋಗುತ್ತಾನೆ. ಕೆಲವರು ಮತ್ತೆ ಬೋರ್ಡಿನ ಹತ್ತಿರಾನೇ ಬರೋದಿಲ್ಲ. ಆದರೆ ಇಂಥ ತಪ್ಪು ದಡ್ಡರು ಮಾತ್ರ ಮಾಡುವುದಲ್ಲ. ವಿಶ್ವ ಚಾಂಪಿಯನ್ನರೂ ಮಾಡಿದ್ದಾರೆ. ಮೂರು ಆಟ ನೋಡೋಣ.

1. ಬಾನ್, ಜರ್ಮನಿ, 2006

ರಷ್ಯಾದ ವ್ಲಾದಿಮಿರ್ ಕ್ರಾಮ್ನಿಕ್ ಆಗ ವಿಶ್ವ ಚಾಂಪಿಯನ್. ಎದುರಾಳಿ ಡೀಪ್ ಫ್ರಿಟ್ಜ್ ಎಂಬ ಕಂಪ್ಯೂಟರ್ ಪ್ರೋಗ್ರಾಂ. ಎರಡನೇ ಆಟದಲ್ಲಿ ಏನಾಯಿತು ಅಂತ ಬೋರ್ಡಿನ ಮೇಲೆ ಕಾಯಿ ಇಟ್ಟು ನೋಡಿ. ಕಪ್ಪು ರಾಜ ಎಚ್8, ಕಪ್ಪು ಕಾಲಾಳುಗಳು ಜಿ7 ಮತ್ತು ಎಚ್6. ಬಿಳಿ ಮಂತ್ರಿ ಇ4, ಬಿಳಿ ಕುದುರೆ ಎಫ್8. ಕಪ್ಪು ಕಾಯಿ ಆಡುತ್ತಿದ್ದ ಕ್ರಾಮ್ನಿಕ್ 34ನೇ ನಡೆಯಲ್ಲಿ ತಮ್ಮ ಮಂತ್ರಿಯನ್ನು ಇ3ಕ್ಕೆ ತಂದರು. ಬಿಳಿ ಮಂತ್ರಿ ಓರೆಯಾಗಿ ಎಚ್7ಕ್ಕೆ ಬಂತು. ಮೇಟ್! ಕುದುರೆಯ ಕಾವಲಿರುವುದರಿಂದ ರಾಜ ಅದನ್ನು ಹೊಡೆಯುವ ಹಾಗಿಲ್ಲ. ಆ ಕುದುರೆ ಆಗಷ್ಟೇ ಎಫ್8ರಲ್ಲಿದ್ದ ಆನೆಯನ್ನು ಹೊಡೆದಿತ್ತು. ಅದರ ಕೆಲಸ ಮುಗೀತು ಅಂತ ನೋಡಿದವರಿಗೆ ಅನ್ನಿಸುತ್ತದೆ. ಮುಗಿದಿರಲಿಲ್ಲ!

2. ಸೋಚಿ, ರಷ್ಯಾ, 2014

ವಿಶ್ವ ಚಾಂಪಿಯನ್ ಪಂದ್ಯದ ಆರನೇ ಆಟ. ಮ್ಯಾಗ್ನಸ್ ಕಾರ್ಲ್‌ಸನ್ 26ನೇ ನಡೆಯಲ್ಲಿ ರಾಜನನ್ನು ಡಿ2ಕ್ಕೆ ಸರಿಸಿ ದೊಡ್ಡ ತಪ್ಪು ಮಾಡಿದರು. ನಮ್ಮ ವಿಶ್ವನಾಥನ್ ಆನಂದ್ ಕುದುರೆಯಿಂದ ಇ5ರ ಕಾಲಾಳನ್ನು ಹೊಡೆದಿದ್ದರೆ, ಮುಂದೆ ಅದೇ ಕುದುರೆ ಸಿ4ರ ಕಾಲಾಳನ್ನೂ ತಿಂದು ಚೆಕ್ ಕೊಡುತ್ತಿತ್ತು. ಆನಂದ್ ಮಾತ್ರ ಬೇರೆ ಕಡೆ ಒಂದು ಕಾಲಾಳು ಮುಂದೆ ತಳ್ಳಿದರು. ಆಟವನ್ನು ಕಾರ್ಲ್‌ಸನ್ನೇ ಗೆದ್ದರು. ಎದುರಾಳಿಯೂ ತಪ್ಪಬಹುದು ಎಂಬುದನ್ನು ಮರೆತರೆ ಸಿಕ್ಕ ಅವಕಾಶವೂ ಕೈಬಿಟ್ಟು ಹೋಗುತ್ತದೆ.

3. ಸಿಂಗಾಪುರ, 2024

ಡಿಸೆಂಬರ್ 12. ಚೀನಾದ ಡಿಂಗ್ ಲಿರೆನ್, ಭಾರತದ ಗುಕೇಶ್ ಇಬ್ಬರಿಗೂ 6.5 ಅಂಕ. 14ನೆಯ, ಅಂದರೆ ಕೊನೆಯ ಆಟ ಡ್ರಾ ಕಡೆಗೆ ಹೋಗುತ್ತಿತ್ತು. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2ಕ್ಕೆ ಇಟ್ಟರು. ಗುಕೇಶ್ ಮೊದಲು ಆನೆಗೆ ಆನೆ ಬದಲಿಸಿದರು. ಆಮೇಲೆ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ ಡಿಂಗ್ ಅವರ ಒಂಟೆಯ ಎದುರಿಗೆ ತಮ್ಮ ಒಂಟೆ ತಂದು ನಿಲ್ಲಿಸಿದರು. ಒಂಟೆಗಳೂ ಹೋದರೆ ಉಳಿಯುವುದು ರಾಜ ಮತ್ತು ಕಾಲಾಳುಗಳು ಮಾತ್ರ. ಅಲ್ಲಿ ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಡಿಂಗ್ ಸೋಲೊಪ್ಪಿಕೊಂಡರು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ!

ಇದರಿಂದ ಕಲಿಯುವುದೇನು?

ಮೂರರಲ್ಲೂ ಆಟ ಗೊತ್ತಿಲ್ಲದೆ ತಪ್ಪಾಗಿಲ್ಲ. ನಮ್ಮ ಲೆಕ್ಕದಲ್ಲೇ ಮುಳುಗಿದರೆ ಎದುರಿನ ಕಾಯಿ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಅದಕ್ಕೇ ಕಾಯಿ ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ:

ಅ) ಅವನು ಈಗ ಆಡಿದ ನಡೆಯಿಂದ ಏನು ಬದಲಾಯಿತು?
ಆ) ನಾನು ಹೀಗೆ ಆಡಿದರೆ ಅವನು ಎಲ್ಲೆಲ್ಲಿಂದ ಚೆಕ್ ಕೊಡಬಹುದು?
ಇ) ನನ್ನ ಯಾವ ಕಾಯಿಗೆ ಕಾವಲಿಲ್ಲ?

ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಯೋಚಿಸಿದರೆ ಇನ್ನೂ ಒಳ್ಳೇದು. ಯಾಕಂದ್ರೆ ಪಂದ್ಯದಲ್ಲಿ ಮುಟ್ಟಿದ ಕಾಯಿಯನ್ನೇ ಆಡಬೇಕು, “ಇಲ್ಲ ಸಾರ್, ಸುಮ್ನೆ ಮುಟ್ಟಿದೆ” ಅಂದರೆ ನಡೆಯೋದಿಲ್ಲ.

ಇನ್ನೊಂದು ಮಾತು. ಸೋತವನನ್ನು ನೋಡಿ ನಗಬೇಡಿ. ಅವನ ಪಕ್ಕ ಕೂತು, ಎಲ್ಲಿ ತಪ್ಪಿತು ಅಂತ ಕಾಯಿಗಳನ್ನು ಹಿಂದಕ್ಕೆ ಇಟ್ಟು ನೋಡಿ. ಆಗ ಇಬ್ಬರೂ ಕಲಿಯುತ್ತೀರಿ, ನಾಳೆ ಆಡೋದಕ್ಕೆ ಜೊತೆಯೂ ಇರುತ್ತದೆ.

ನಿಮಗೊಂದು ಲೆಕ್ಕ: ಆಟ ಈಗತಾನೇ ಶುರುವಾಗಿದೆ. ಬಿಳಿ: ಎಫ್ ಕಾಲಾಳು ಒಂದು ಮನೆ. ಕಪ್ಪು: ಇ ಕಾಲಾಳು ಎರಡು ಮನೆ. ಬಿಳಿ: ಜಿ ಕಾಲಾಳು ಎರಡು ಮನೆ. ಈಗ ಕಪ್ಪು ಒಂದೇ ನಡೆಯಲ್ಲಿ ಮೇಟ್ ಮಾಡಬೇಕು. ಹೇಗೆ? ಚೀಟಿಯಲ್ಲಿ ಹೆಸರು, ತರಗತಿ ಬರೆದು ಉತ್ತರ ಕೊಡಿ.